ಮುಂಜಾನೆ ಮೀಟಿಂಗ್ 11ರ ತನಕ ಎಳೆಯುತ್ತದೆ. ಪ್ಲಾನಿಂಗ್ ಕೆಲಸ ಯಾವಾಗ ಮಾಡಲಿ?

ಪ್ಲಾನಿಂಗ್ ಟೇಬಲ್, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಮೊದಲು ಕ್ವಾಲಿಟಿಯಲ್ಲಿದ್ದೆ. ಹಳೆಯ ಪ್ಲಾನಿಂಗ್ ಸಾಹೇಬರು ಬಿಟ್ಟು ಹೋದ ಮೇಲೆ, ದೀಪಾವಳಿಯಿಂದ ಈ ಕುರ್ಚಿ ನನ್ನ ಪಾಲಿಗೆ ಬಂದಿದೆ. ಕುರ್ಚಿಯ ಜತೆ ಮುಂಜಾನೆಯ ಮೀಟಿಂಗೂ ಬಂತು.

ನಮ್ಮದು ಪಂಪು, ವಾಲ್ವು, ಟ್ರ್ಯಾಕ್ಟರ್ ಭಾಗಗಳ ಎರಕ. ಗ್ರೇ ಐರನ್, ಅಂದರೆ ಸಾಮಾನ್ಯ ಎರಕದ ಕಬ್ಬಿಣ, ಜಾಸ್ತಿ. ಎಸ್‌ಜಿ ಐರನ್, ಅಂದರೆ ಒಳಗೆ ಗ್ರಾಫೈಟ್ ಗುಂಡಗೆ ಕೂಡುವ, ಬೇಗ ಒಡೆಯದ ಕಬ್ಬಿಣ, ಸ್ವಲ್ಪ. ಮೀಟಿಂಗ್ 9.30ಕ್ಕೆ ಅಂತ ಇದೆ. ಜನ ಕೂಡುವುದು 9.45ಕ್ಕೆ. ಮಾಲೀಕರು ಬರುವುದು ಹತ್ತಕ್ಕೆ. ಅವರು ಬಂದ ಮೇಲೆ, ಅಲ್ಲಿಯ ತನಕ ಆಡಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಹೇಳಬೇಕು. ನಡುವೆ ಚಹಾ. ಎರಕದ ಒಳಗಿನ ಟೊಳ್ಳಿಗೆ ಇಡುವ ಮರಳಿನ ಅಚ್ಚು, ಅಂದರೆ ಕೋರ್, ಮಾಡುವ ಕೋರ್ ಶಾಪಿನವರು ಶುರು ಮಾಡುತ್ತಾರೆ. ಆಮೇಲೆ ಮೋಲ್ಡಿಂಗ್ (ಮರಳಿನ ಅಚ್ಚು ಮಾಡುವವರು), ಮೆಲ್ಟಿಂಗ್ (ಲೋಹ ಕರಗಿಸುವವರು), ಫೆಟ್ಲಿಂಗ್ (ಎರಕ ಉಜ್ಜಿ ಸ್ವಚ್ಛ ಮಾಡುವವರು), ಮಶೀನ್ ಶಾಪ್, ಮೇಂಟೆನೆನ್ಸ್, ಸ್ಟೋರ್ಸ್, ಕೊನೆಗೆ ಡಿಸ್ಪ್ಯಾಚ್. ಒಬ್ಬೊಬ್ಬರೂ ಡೈರಿ ತೆಗೆದು ನಿನ್ನೆ ಏನೇನಾಯಿತು ಅಂತ ಓದುತ್ತಾರೆ. ರಿಜೆಕ್ಷನ್ ಮಾತು ಬಂತೆಂದರೆ ಮುಗಿಯಿತು. ಎರಕದಲ್ಲಿ ಗಾಳಿಯ ತೂತು, ಅಂದರೆ ಬ್ಲೋ ಹೋಲ್, ಬಂದದ್ದು ಸ್ಯಾಂಡಿನಿಂದಲೋ, ಕೋರಿನಿಂದಲೋ, ಲೋಹ ತಣ್ಣಗಿತ್ತೋ? ಮೂವರು ಜಗಳಕ್ಕೆ ನಿಲ್ಲುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾರೆ. ಅರ್ಧ ಮಾತು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ, ಬೈಗುಳ ಮಾತ್ರ ಹಿಂದಿಯಲ್ಲಿ.

ಹನ್ನೊಂದಕ್ಕೆ ಎದ್ದು ಹೊರಗೆ ಬರುವಾಗ ಇವತ್ತು ಯಾರು ಏನು ಮಾಡಬೇಕು ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಹಾಗಾಗಿ ಆಮೇಲೆ ಒಬ್ಬೊಬ್ಬರಾಗಿ ನನ್ನ ಟೇಬಲ್ ಹತ್ತಿರ ಬರುತ್ತಾರೆ. "ಮ್ಯಾಡಮ್, ಮೊದಲು ಯಾವ ಪ್ಯಾಟರ್ನ್ ಹಾಕಲಿ?" ಪ್ಯಾಟರ್ನ್ ಅಂದರೆ ಮರಳಿನಲ್ಲಿ ಅಚ್ಚು ಒತ್ತುವ ಮಾದರಿ. ವಾಟ್ಸಾಪ್ ಗ್ರೂಪ್ ಬೇರೆ ದಿನವಿಡೀ ಟಿಂಗ್ ಟಿಂಗ್ ಅನ್ನುತ್ತದೆ. ನಾಳಿನ ಪ್ಲಾನ್ ಮಾಡಲು ಕೂರುವಾಗ ಸಂಜೆ ಆರು ದಾಟಿರುತ್ತದೆ. ಮನೆ ಶಹಾಪುರದಲ್ಲೇ, ದೂರವೇನಿಲ್ಲ. ಆದರೂ ಮಗನ ಹೋಮ್‌ವರ್ಕ್ ಈಗ ಅತ್ತೆಯವರ ಪಾಲಿಗೆ ಹೋಗಿದೆ.

ಕೇಳಬೇಕಾದದ್ದು ಎರಡು. ಯಾರ ಮನಸ್ಸೂ ಕೆಡದಂತೆ ಈ ಮೀಟಿಂಗನ್ನು ಅರ್ಧ ತಾಸಿಗೆ ಇಳಿಸುವುದು ಹೇಗೆ? ನನ್ನ ಸ್ವಂತ ಕೆಲಸಕ್ಕೆ ಹಗಲಲ್ಲೇ ಹೊತ್ತು ಸಿಗುವುದು ಹೇಗೆ?

"ಅಜೆಂಡಾ ಹಾಕಿ" ಅಂತ ಹೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಾಕಿದ್ದೆ. ಪ್ರಿಂಟ್ ತೆಗೆದು ಎಲ್ಲರ ಮುಂದೆ ಇಟ್ಟಿದ್ದೆ. ಅದರ ಮೇಲೆ ಚಹಾ ಕಪ್ ಇಟ್ಟರು.

---

ಹಳೇ ಫೋರ್‌ಮನ್

ತಂಗಿ, ನಾನು ಇದೇ ಉದ್ಯಮಬಾಗದಲ್ಲಿ, ಆಮೇಲೆ ಮಚ್ಛೆಯಲ್ಲಿ, ಫರ್ನೇಸ್ ಮುಂದೆ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಈಗ ರಿಟೈರ್ ಆಗಿ ಮನೆಯಲ್ಲಿದ್ದೇನೆ. ಹೊತ್ತು ಬೇಕಾದಷ್ಟಿದೆ, ಅದಕ್ಕೇ ಉದ್ದ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಮೀಟಿಂಗಿಗೆ ಎಷ್ಟು ಖರ್ಚು ಅಂತ ಮೊದಲು ನೋಡಿ. ಸಂಬಳದ ಲೆಕ್ಕ ಬಿಡಿ, ಅದು ಚಿಲ್ಲರೆ. ಮೆಲ್ಟಿಂಗಿನವರು 10 ಗಂಟೆಗೆ ಕುರ್ಚಿಯಲ್ಲಿದ್ದಾರೆ ಅಂದರೆ ಅದೇ ಹೊತ್ತಿಗೆ ಫರ್ನೇಸ್‌ನಲ್ಲಿ ಲೋಹ ತಯಾರಾಗಿ ಕಾಯುತ್ತಿರುತ್ತದೆ. ಯಾವ ಪ್ಯಾಟರ್ನ್ ಅಂತ ತೀರ್ಮಾನ ಆಗಿಲ್ಲ, ಹಾಗಾಗಿ ಯಾವ ಗ್ರೇಡಿನ ಲೋಹ ಅಂತಲೂ ಗೊತ್ತಿಲ್ಲ. ಸುಮ್ನೆ ಹಿಡಿದಿಟ್ಟರೂ ಕರೆಂಟಿನ ಮೀಟರ್ ತಿರುಗುತ್ತದೆ. ಎಸ್‌ಜಿ ಐರನ್ ಇದ್ದರಂತೂ ಕೇಳಲೇ ಬೇಡಿ. ಮ್ಯಾಗ್ನೀಷಿಯಂ ಕೊಟ್ಟ ಮೇಲೆ ಸುಮಾರು ಹತ್ತು ನಿಮಿಷದೊಳಗೆ ಹೊಯ್ದು ಮುಗಿಸಬೇಕು. ತಡವಾದಷ್ಟೂ ಮ್ಯಾಗ್ನೀಷಿಯಂ ಇಳಿಯುತ್ತದೆ, ಗ್ರಾಫೈಟ್ ಗುಂಡಗೆ ಕೂಡುವುದಿಲ್ಲ, ತುಂಡು ನೋಡಲು ಚೆನ್ನಾಗಿದ್ದರೂ ಟೆಸ್ಟಿನಲ್ಲಿ ಹೋಗುತ್ತದೆ. ಇಷ್ಟು ನಾಜೂಕಿನ ಕೆಲಸವನ್ನು ದಿನದ ಮೊದಲ ಹೀಟಿನಲ್ಲೇ, ಅಂದರೆ ಮೊದಲ ಸಲ ಲೋಹ ಕರಗಿಸುವಾಗಲೇ, ಹುಡುಗರ ಕೈಗೆ ಬಿಟ್ಟು ದೊಡ್ಡವರು ಚಹಾ ಕುಡಿಯುತ್ತಿದ್ದಾರೆ. ನೀವು ಮಾಲೀಕರ ಹತ್ತಿರ ಮಾತಾಡುವುದಾದರೆ ಇಲ್ಲಿಂದ ಶುರು ಮಾಡಿ. "ನನಗೆ ಟೈಮ್ ಸಾಲುತ್ತಿಲ್ಲ" ಅಂದರೆ ಅವರು ಕೇಳುವುದಿಲ್ಲ.

ಈಗ ಉಪಾಯ. ನಿನ್ನೆಯದನ್ನು ಓದುವ ಕೆಲಸವನ್ನು ಮೀಟಿಂಗಿನಿಂದ ಹೊರಗೆ ಹಾಕಿ. ಮೋಲ್ಡಿಂಗ್ ಶೆಡ್ಡಿನ ಬಾಗಿಲ ಹತ್ತಿರ ಒಂದು ಬೋರ್ಡ್ ಹಚ್ಚಿ. ಎಷ್ಟು ಬಾಕ್ಸ್ ಮೋಲ್ಡ್ ಆಯಿತು, ಎಷ್ಟು ಹೀಟ್, ಎಷ್ಟು ತುಂಡು ರಿಜೆಕ್ಟ್, ಯಾವ ಮಶೀನ್ ಎಷ್ಟು ಹೊತ್ತು ನಿಂತಿತು, ಇವತ್ತು ಕಳಿಸಬೇಕಾದ್ದರಲ್ಲಿ ಎಷ್ಟು ಕಮ್ಮಿ ಇದೆ. ಇಷ್ಟೇ ಸಾಕು. ಇದನ್ನು ನೀವು ಬರೆಯಬೇಡಿ. ಶಿಫ್ಟ್ ಬಿಟ್ಟು ಹೋಗುವ ಸೂಪರ್‌ವೈಸರ್ ತನ್ನ ಕೈಯಾರೆ ಬರೆಯಬೇಕು. ಪ್ಲಾನಿಂಗಿನವರು ಬರೆದ ಅಂಕಿಯನ್ನು ಎಲ್ಲರೂ ತಪ್ಪು ಅನ್ನುತ್ತಾರೆ. ತಾನೇ ಬರೆದದ್ದನ್ನು ಯಾರೂ ತಪ್ಪು ಅನ್ನುವುದಿಲ್ಲ.

ಆಮೇಲೆ ಸಾಲು ತಿರುಗಿಸಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ. ನಿಮ್ಮಲ್ಲಿ ಕೋರ್ ಶಾಪಿನಿಂದ ಶುರುವಾಗಿ ಡಿಸ್ಪ್ಯಾಚ್‌ಗೆ ಮುಗಿಯುತ್ತದೆ. ಮಾಲು ನಡೆಯುವ ದಾರಿ ಅದು, ಸರಿ. ಮಾತು ಮಾತ್ರ ಉಲ್ಟಾ ನಡೆಯಬೇಕು. ಮೊದಲು ಡಿಸ್ಪ್ಯಾಚ್. ನಾಳೆ ಸಂಜೆ ಪುಣೆಗೆ ಲಾರಿ ಇದೆ ಅಂತ ಇಟ್ಟುಕೊಳ್ಳಿ. 60 ಪಂಪ್ ಬಾಡಿ ಬೇಕು. ಕೈಯಲ್ಲಿ 38 ಇವೆ. 22 ಕಮ್ಮಿ. ಫೆಟ್ಲಿಂಗಿನವರು ಹೇಳುತ್ತಾರೆ, ನನ್ನ ಹತ್ತಿರ 15 ಬಿದ್ದಿವೆ, ಇವತ್ತು ಕೊಡುತ್ತೇನೆ. ಉಳಿದದ್ದು 7. ಒಂದೆರಡು ಕೆಡುತ್ತವೆ ಅಂತ ಹಿಡಿದು 9 ಹೊಯ್ಯಬೇಕು. ಹಾಗಾದರೆ ಮಧ್ಯಾಹ್ನದ ಹೀಟಿನಲ್ಲಿ ಆ ಗ್ರೇಡ್. ಹಾಗಾದರೆ ಮೋಲ್ಡಿಂಗಿಗೆ 12ರೊಳಗೆ 9 ಕೋರ್. ಕೋರ್ ಶಾಪಿನವರ ಸರದಿ ಬರುವ ಹೊತ್ತಿಗೆ ಅವರಿಗೆ ಏನು ಬೇಕು ಅನ್ನುವುದು ತಾನಾಗಿ ಗೊತ್ತಾಗಿರುತ್ತದೆ, ನೀವು ಬಾಯಿ ಬಿಡಬೇಕಾಗಿಲ್ಲ. ಮೊದಲಿನ ಸಾಲಿನಲ್ಲಾದರೆ ಮೆಲ್ಟಿಂಗಿನವರು "ನಿನ್ನೆ ಇಷ್ಟು ಟನ್ ಹೊಯ್ದೆವು" ಅಂತ ಮೀಸೆ ತಿರುವುತ್ತಾರೆ. ಟನ್ ಆಯಿತು ನಿಜ, ಲಾರಿಗೆ ಬೇಕಾದ ತುಂಡು ಅದರಲ್ಲಿ ಇತ್ತಾ ಅಂತ ಯಾರೂ ಕೇಳುವುದಿಲ್ಲ. ಭಾರದ ತುಂಡು ಹೊಯ್ದರೆ ಟನ್ ಬೇಗ ಏರುತ್ತದೆ, ಅದಕ್ಕೇ ಅವರಿಗೆ ಅದರ ಮೇಲೆ ಪ್ರೀತಿ. ನಾನೂ ಮೆಲ್ಟಿಂಗಿನವನೇ, ಒಳಗಿನ ಗುಟ್ಟು ಹೇಳುತ್ತಿದ್ದೇನೆ.

ಬ್ಲೋ ಹೋಲಿನ ಜಗಳ ಶುರುವಾದ ಕೂಡಲೇ ಎತ್ತಿ ಹೊರಗೆ ಇಡಿ. ಸ್ಯಾಂಡ್ ಮಾಯಿಶ್ಚರ್ ರಿಜಿಸ್ಟರ್, ಹೊಯ್ದ ಉಷ್ಣತೆಯ ರಿಜಿಸ್ಟರ್, ಕೆಟ್ಟ ತುಂಡು, ಈ ಮೂರೂ ಇಲ್ಲದೆ ಆಡುವ ಮಾತು ಬರೀ ಅಂದಾಜು. ಆ ಮೂವರು 11 ಗಂಟೆಗೆ ತುಂಡಿನ ಮುಂದೆ ನಿಂತು ಮಾತಾಡಲಿ. ಅಲ್ಲಿ ಜಗಳ ಬೇಗ ಮುಗಿಯುತ್ತದೆ, ಏಕೆಂದರೆ ತುಂಡು ಒಡೆದು ನೋಡಬಹುದು.

---

ಚನ್ನಮ್ಮ ಸರ್ಕಲ್

ಕಾಕಾ ಹೇಳಿದ್ದು ಕೇಳಲು ಚೆಂದ. ಆದರೆ ಬೋರ್ಡ್ ಹಚ್ಚಿದರೆ ಮಾಲೀಕರ ದರ್ಬಾರಿನ ಗತಿ ಏನು? ಸಣ್ಣ ಕಂಪನಿಯಲ್ಲಿ ಮುಂಜಾನೆ ಮೀಟಿಂಗ್ ನಡೆಯುವುದು ಕೆಲಸಕ್ಕಲ್ಲ. ಎಲ್ಲರೂ ಎದುರಿಗೆ ಕೂತು "ಹೌದು ಸರ್" ಅನ್ನಬೇಕು, ಅದಕ್ಕೆ. ನಾನು ಮೂರು ಕಡೆ ಕೆಲಸ ಮಾಡಿದ್ದೇನೆ, ಮೂರೂ ಕಡೆ ಇದೇ ಕಥೆ. ಮೀಟಿಂಗ್ ಕಮ್ಮಿ ಮಾಡಿದರೆ ಅವರು ದಿನವಿಡೀ ಫೋನ್ ಮಾಡುತ್ತಾರೆ. ಅದಕ್ಕಿಂತ ಒಂದೂವರೆ ತಾಸು ಕೂತು ಎದ್ದು ಬರುವುದೇ ವಾಸಿ.

---

ಹಳೇ ಫೋರ್‌ಮನ್

ಸರ್ಕಲ್ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಮಾಲೀಕರು ಫೋನ್ ಮಾಡುತ್ತಾರೆ ಅನ್ನುವುದು ನಿಜ. ಏಕೆ ಮಾಡುತ್ತಾರೆ ಅಂತ ನೋಡಿ. ಬ್ಯಾಂಕಿನ ಸಾಲ ಅವರ ತಲೆ ಮೇಲೆ. ಗಿರಾಕಿ ಫೋನ್ ಮಾಡುವುದು ಅವರಿಗೆ. ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದಿದ್ದರೆ ಜೀವ ಕುದಿಯುತ್ತದೆ. ಆ ಸುದ್ದಿ ಮೊದಲೇ ಸಿಕ್ಕರೆ ಅರ್ಧ ಫೋನು ತಾನೇ ನಿಲ್ಲುತ್ತದೆ.

ತಂಗಿ, 9 ಗಂಟೆಗೆ ಬೋರ್ಡಿನ ಫೋಟೋ ತೆಗೆದು ಅವರಿಗೆ ಕಳಿಸಿ. ಬರೀ ಫೋಟೋ ಅಲ್ಲ, ಕೆಳಗೆ ಎರಡು ಸಾಲು. "ಪುಣೆ ಲಾರಿಗೆ 7 ಕಮ್ಮಿ, ಮಧ್ಯಾಹ್ನ ಹೊಯ್ಯುತ್ತೇವೆ. ಶಾಟ್ ಬ್ಲಾಸ್ಟ್ ಮಶೀನಿನ ಬೇರಿಂಗ್ ಖರೀದಿಗೆ ನಿಮ್ಮ ಒಪ್ಪಿಗೆ ಬೇಕು." 9.10ಕ್ಕೆ ಬೋರ್ಡಿನ ಮುಂದೆ ನಿಂತು ನೀವು ನೀವೇ ಮುಗಿಸಿಕೊಳ್ಳಿ. ಅವರು ಹತ್ತಕ್ಕೆ ಬರಲಿ, ಅದು ಅವರ ಕಾರ್ಖಾನೆ, ಯಾವಾಗ ಬೇಕಾದರೂ ಬರಬಹುದು. ಬಂದಾಗ ಅವರೇ ತೀರ್ಮಾನಿಸಬೇಕಾದ್ದನ್ನು ಮಾತ್ರ ಅವರ ಕ್ಯಾಬಿನ್ನಿಗೆ ಒಯ್ಯಿರಿ. ದುಡ್ಡಿನ ಮಾತು, ಗಿರಾಕಿಗೆ ಕೊಡುವ ತಾರೀಖು, ಮಂದಿಯನ್ನು ಬದಲಿಸುವ ಮಾತು. ದರ್ಬಾರು ಅಂತೀರಲ್ಲ, ಆ ಹತ್ತು ನಿಮಿಷ ಅವರದೇ ದರ್ಬಾರು.

---

ಪ್ಲಾನಿಂಗ್ ಟೇಬಲ್, ಬೆಳಗಾವಿ

ಕಾಕಾ, ತುಂಬಾ ಧನ್ಯವಾದ. ಸಾಲು ತಿರುಗಿಸುವುದು ನನಗೆ ಹೊಳೆದೇ ಇರಲಿಲ್ಲ.

ಆದರೆ ಎರಡು ತೊಡಕು. ನಮ್ಮ ಸ್ಟೋರ್ಸಿನ ಹಿರಿಯರಿಗೆ ಮೊಣಕಾಲು ನೋವು, ನಿಂತು ಮೀಟಿಂಗ್ ಅಂದರೆ ಅವರು ಬರುವುದೇ ಇಲ್ಲ. ಇನ್ನೊಂದು, ಅಲ್ಲಿ ಇರುವವರೆಲ್ಲ ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನಾನು ಕ್ವಾಲಿಟಿಯಲ್ಲಿದ್ದಾಗ ಇವರ ತುಂಡುಗಳನ್ನೇ ರಿಜೆಕ್ಟ್ ಮಾಡಿದವಳು. ಈಗ "ಸರ್, ಸಾಕು, ಮುಂದಿನವರು ಮಾತಾಡಲಿ" ಅಂತ ಹೇಗೆ ಹೇಳಲಿ? ಹೇಳಿದರೆ ಆ ದಿನವಿಡೀ ಮುಖ ಊದಿಸಿಕೊಂಡು ಓಡಾಡುತ್ತಾರೆ.

---

ಹಳೇ ಫೋರ್‌ಮನ್

ಸ್ಟೋರ್ಸಿನವರಿಗೆ ಒಂದು ಸ್ಟೂಲ್ ಹಾಕಿ. ನಿಲ್ಲುವುದು ವ್ರತವಲ್ಲ.

ಸಾಕು ಅಂತ ಹೇಳಲೇ ಬೇಡಿ. ಇವತ್ತಿನ ಕೆಲಸ ಬರೆಯುವ ಪೆನ್ನು ಮಾತ್ರ ನಿಮ್ಮ ಕೈಯಲ್ಲಿರಲಿ. ಯಾರಾದರೂ ಮಾತು ಎಳೆದರೆ ನಡುವೆ ಸಣ್ಣದಾಗಿ ಕೇಳಿ, "ಸರ್, ಇದು ಎಷ್ಟು ಗಂಟೆಗೆ ಆಗುತ್ತದೆ ಅಂತ ಬರೆಯಲಿ?" ಇದು ಮರ್ಯಾದೆಯ ಮಾತು. ಆದರೆ ಇದಕ್ಕೆ ಉತ್ತರ ಕೊಟ್ಟ ಮೇಲೆ ಮುಂದೆ ಮಾತಾಡಲು ಏನೂ ಉಳಿಯುವುದಿಲ್ಲ. "ಇವತ್ತು ಮಾಡುತ್ತೇವೆ" ಅಂದರೆ ಬಿಡಬೇಡಿ. "ಊಟದ ಮೊದಲೋ, ಊಟ ಆದ ಮೇಲೋ?" ಅಂತ ಕೇಳಿ. "ನೋಡೋಣ" ಅಂದರೆ ಅದನ್ನೇ ಹಾಗೇ ಬರೆಯಿರಿ. ಅವರ ಹೆಸರು, ಮುಂದೆ "ನೋಡೋಣ". ಮರುದಿನ ಎಲ್ಲರ ಮುಂದೆ ಓದುವಾಗ ಅವರಿಗೇ ನಾಚಿಕೆಯಾಗುತ್ತದೆ. ಏನು, ಯಾರು, ಯಾವಾಗ, ಒಂದೇ ಸಾಲು. ಅದಕ್ಕಿಂತ ಉದ್ದ ಬರೆದರೆ ಯಾರೂ ಓದುವುದಿಲ್ಲ.

ಇನ್ನೊಂದು ಮಾತು. ತನ್ನ ಸರದಿ ಮುಗಿದವರು ಹೋಗಬಹುದು ಅಂತ ಮೊದಲ ದಿನವೇ ಹೇಳಿಬಿಡಿ. ನಾವು ಇದನ್ನು ಶುರು ಮಾಡಿದಾಗ ಡಿಸ್ಪ್ಯಾಚಿನವನು ಮಾತ್ರ ಮೊದಲು ಎದ್ದು ಹೋಗುತ್ತಿದ್ದ. ಉಳಿದವರು ಹೊಟ್ಟೆಕಿಚ್ಚಿನಿಂದಲೇ ಮಾತು ಗಿಡ್ಡ ಮಾಡಿದರು.

---

ಸಕ್ಕರೆ ಕೆಮಿಸ್ಟ್, ಮುಧೋಳ

ಮೇಡಂ, ನಾನು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಬಾಗಲಕೋಟೆ ಜಿಲ್ಲೆಯಲ್ಲಿ ಕಾರ್ಖಾನೆಗಳಿಗೇನು ಕಮ್ಮಿ? ಹೆಸರು ಬೇಡ. ಸೀಸನ್ನಿನಲ್ಲಿ ನಮ್ಮ ಮುಂಜಾನೆ ಮೀಟಿಂಗ್ ಇಪ್ಪತ್ತು ನಿಮಿಷ ದಾಟುವುದಿಲ್ಲ. ನಾವು ಬಹಳ ಶಿಸ್ತಿನವರು ಅಂತಲ್ಲ. ಕಬ್ಬು ಕಾಯುವುದಿಲ್ಲ. ಕಡಿದ ಕಬ್ಬು ಗಾಡಿಯಲ್ಲಿ ಒಣಗಿದಷ್ಟೂ ಸಕ್ಕರೆ ಇಳಿಯುತ್ತದೆ. ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುತ್ತದೆ, ರೈತರು ಒಳಗೆ ಬಂದು ಕೇಳುತ್ತಾರೆ.

ಫೋರ್‌ಮನ್ ಸಾಹೇಬರ ಬೋರ್ಡಿನಂತೆಯೇ ನಮಗೆ ದಿನದ ರಿಪೋರ್ಟ್ ಇದೆ. 24 ತಾಸಿನಲ್ಲಿ ಎಷ್ಟು ಟನ್ ಅರೆಯಿತು, ರಿಕವರಿ (ಕಬ್ಬಿನಿಂದ ಶೇಕಡಾ ಎಷ್ಟು ಸಕ್ಕರೆ ಸಿಕ್ಕಿತು) ಎಷ್ಟು, ಮಿಲ್ ಎಷ್ಟು ತಾಸು ನಿಂತಿತು, ಏಕೆ ನಿಂತಿತು. ನಿಂತ ತಾಸಿಗೆ ಕಾರಣ ಬರೆಯಲೇಬೇಕು. ಕಬ್ಬು ಇರಲಿಲ್ಲ, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಪ್ರೋಸೆಸ್, ಹೀಗೆ ಬೇರೆ ಬೇರೆ ಕಾಲಂ.

ಇಲ್ಲಿ ಒಂದು ಎಚ್ಚರಿಕೆ ಹೇಳುತ್ತೇನೆ. ಕಾರಣ ಬರೆಯುವ ಕಾಲಂ ಇಟ್ಟ ಕೂಡಲೇ ಹೊಸ ಜಗಳ ಹುಟ್ಟುತ್ತದೆ. ಮೋಟರ್ ಟ್ರಿಪ್ ಆಯಿತು ಅಂದುಕೊಳ್ಳಿ. ಕಬ್ಬು ಒಳಗೆ ಒಯ್ಯುವ ಕ್ಯಾರಿಯರ್‌ನಲ್ಲಿ ಜಾಮ್ ಆಗಿ ಲೋಡ್ ಬಂದು ಟ್ರಿಪ್ ಆಯಿತು, ಅದು ಮೆಕ್ಯಾನಿಕಲ್ ಅಂತ ಎಲೆಕ್ಟ್ರಿಕಲ್ಲಿನವರು. ಮೋಟರ್ ನಿಲ್ಲಿಸುವ ರಿಲೇಯ ಸೆಟ್ಟಿಂಗ್ ಸರಿ ಇಲ್ಲ ಅಂತ ಮೆಕ್ಯಾನಿಕಲ್ಲಿನವರು. ಮಿಲ್ ನಿಂತದ್ದು ಅರ್ಧ ತಾಸು, ಅದು ಯಾರ ಖಾತೆಗೆ ಅನ್ನುವ ಮಾತು ಮುಕ್ಕಾಲು ತಾಸು! ನಮ್ಮ ಚೀಫ್ ಇಂಜಿನಿಯರ್ ಇದಕ್ಕೆ ಒಂದು ನಿಯಮ ಮಾಡಿದರು. ಇಬ್ಬರೂ ಶಿಫ್ಟಿನಲ್ಲೇ ಒಪ್ಪಿ ಸಹಿ ಹಾಕಬೇಕು. ಒಪ್ಪದಿದ್ದರೆ ಅರ್ಧ ಅರ್ಧ ಇಬ್ಬರ ಖಾತೆಗೆ. ಅಂದಿನಿಂದ ಮೀಟಿಂಗಿನಲ್ಲಿ ಆ ಮಾತೇ ಇಲ್ಲ. ನಿಮ್ಮ ಬ್ಲೋ ಹೋಲಿಗೂ ಇದು ನಡೆಯುತ್ತದೆ ಅನ್ನಿಸುತ್ತದೆ.

ಆದರೆ ಫೋರ್‌ಮನ್ ಸಾಹೇಬರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. "ನೋಡೋಣ" ಅಂತ ಬರೆದು ಎಲ್ಲರ ಮುಂದೆ ಓದುವುದು ನಮ್ಮ ಕಡೆ ನಡೆಯುವುದಿಲ್ಲ. ನಾಚಿಕೆಯಾದ ಮನುಷ್ಯ ಮರುದಿನ ಕೆಲಸ ಮಾಡುವುದಿಲ್ಲ, ನೆಪ ತಯಾರು ಮಾಡಿಕೊಂಡು ಬರುತ್ತಾನೆ. ಒಬ್ಬರೇ ಸಿಕ್ಕಾಗ ಕೇಳಿ.

---

ಹಳೇ ಫೋರ್‌ಮನ್

ಇರಬಹುದು. ನಮ್ಮ ಫರ್ನೇಸಿನ ಮಂದಿಯ ಚರ್ಮ ದಪ್ಪ.

---

ಸಿಎಸ್, ಟಿಳಕವಾಡಿ

ನಾನು ಕಂಪನಿ ಸೆಕ್ರೆಟರಿ. ಮೀಟಿಂಗ್ ಮಾಡಿಸುವುದೇ ನನ್ನ ಹೊಟ್ಟೆಪಾಡು. ಅಜೆಂಡಾ ಮೇಲೆ ಚಹಾ ಕಪ್ ಇಟ್ಟರು ಅಂದಿರಲ್ಲ, ಅದಕ್ಕೆ ಉತ್ತರ.

2013ರ ಕಂಪನಿ ಕಾಯ್ದೆಯ ಪ್ರಕಾರ ಬೋರ್ಡ್ ಮೀಟಿಂಗಿಗೆ (ಡೈರೆಕ್ಟರ್‌ಗಳ ಸಭೆಗೆ) ಕನಿಷ್ಠ 7 ದಿನ ಮೊದಲು ನೋಟಿಸ್ ಕೊಡಬೇಕು. ಎರಡು ಮೀಟಿಂಗಿನ ನಡುವೆ 120 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಮುಗಿದ ಮೇಲೆ 15 ದಿನದೊಳಗೆ ಮಿನಿಟ್ಸ್ (ನಡಾವಳಿ) ಕರಡು ಎಲ್ಲ ಡೈರೆಕ್ಟರ್‌ಗಳಿಗೆ ಹೋಗಬೇಕು, 30 ದಿನದೊಳಗೆ ಪುಸ್ತಕಕ್ಕೆ ಏರಬೇಕು. ಇವೆಲ್ಲ ನಿಮಗೆ ಬೇಡ. ನಿಮಗೆ ಬೇಕಾದದ್ದು ಒಂದೇ. ಒಪ್ಪಿಗೆ ಬೇಕಾದ ಪ್ರತಿ ವಿಷಯಕ್ಕೂ ಅಜೆಂಡಾದ ಜತೆ ಒಂದು ಟಿಪ್ಪಣಿ ಹೋಗಬೇಕು. ವಿಷಯ ಏನು, ಪ್ರಸ್ತಾವ ಏನು, ಅಂತ. ಅಜೆಂಡಾ ಸತ್ತುಹೋಗುವುದು ಈ ಟಿಪ್ಪಣಿ ಇಲ್ಲದೆ. "ಪ್ಯಾಟರ್ನ್ ರಿಪೇರಿ" ಅಂತ ಬರೆದರೆ ಅದರ ಮೇಲೆ ಚಹಾ ಕಪ್ಪೇ ಇಡುತ್ತಾರೆ. "ಪಂಪ್ ಬಾಡಿ ಪ್ಯಾಟರ್ನ್ ರಿಪೇರಿ ಹೊರಗೆ ಕೊಡೋಣವೋ, ನಾವೇ ಮಾಡೋಣವೋ? ಹೊರಗಾದರೆ ಇಷ್ಟು ರೂಪಾಯಿ, ಇಷ್ಟು ದಿನ" ಅಂತ ಬರೆಯಿರಿ. ಕಪ್ಪು ಬದಿಗೆ ಸರಿಯುತ್ತದೆ.

ಯಾವುದಕ್ಕೆ ಎಷ್ಟು ಹೊತ್ತು ಅನ್ನುವುದೂ ಮುಖ್ಯ. ನಾರ್ತ್‌ಕೋಟ್ ಪಾರ್ಕಿನ್ಸನ್ ಅಂತ ಒಬ್ಬ ಇಂಗ್ಲಿಷಿನವರು. ಇರುವಷ್ಟು ಹೊತ್ತನ್ನೆಲ್ಲ ಕೆಲಸ ನುಂಗಿ ಹಾಕುತ್ತದೆ ಅಂತ 1955ರಲ್ಲಿ ಬರೆದವರು ಇವರೇ. ಎರಡು ವರ್ಷ ಬಿಟ್ಟು ಸಮಿತಿಗಳ ಮೇಲೂ ತಮಾಷೆಯಾಗಿ ಬರೆದರು. ಅಣು ರಿಯಾಕ್ಟರಿನ ಖರ್ಚು ಚಿಟಿಕೆಯಲ್ಲಿ ಪಾಸ್, ಸೈಕಲ್ ಶೆಡ್ಡಿನ ಖರ್ಚಿಗೆ ಮುಕ್ಕಾಲು ಗಂಟೆ ಚರ್ಚೆ. ರಿಯಾಕ್ಟರ್ ಯಾರಿಗೂ ತಿಳಿಯದು, ಶೆಡ್ಡು ಎಲ್ಲರಿಗೂ ತಿಳಿದದ್ದು. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಸೊಸೈಟಿಯಲ್ಲಿ ಹೊಸ ಸಾಫ್ಟ್‌ವೇರಿನ ಲಕ್ಷಗಟ್ಟಲೆ ಬಿಲ್ಲು ಚಹಾ ಬರುವಷ್ಟರಲ್ಲಿ ಪಾಸಾಯಿತು. ವಾರ್ಷಿಕ ಸಭೆಗೆ ಬಂದವರಿಗೆ ಕುಂದಾ ಕೊಡುವುದೋ, ಚಿವಡಾ ಪಾಕೀಟು ಕೊಡುವುದೋ ಅನ್ನುವುದು ಕತ್ತಲಾದರೂ ಮುಗಿಯಲಿಲ್ಲ. ಕೊನೆಗೆ ಎರಡೂ ಕೊಟ್ಟರು. ಅದಕ್ಕೇ ದೊಡ್ಡ ವಿಷಯವನ್ನು ಮೊದಲು ಇಡಿ. ಎಲ್ಲರಿಗೂ ಅಭಿಪ್ರಾಯ ಇರುವ ವಿಷಯ ಕೊನೆಗೆ, ಊಟದ ಗಂಟೆಗೆ ಐದು ನಿಮಿಷ ಇರುವಾಗ.

---

ಗೋಳಗುಮ್ಮಟದ ನೆರಳು, ವಿಜಯಪುರ

ಅಕ್ಕಾ, ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ವಿಜಯಪುರದ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಗಿರಾಕಿಗಳು ಅಮೆರಿಕದ ಪೂರ್ವ ತೀರದವರು. ಅವರ 10 ಗಂಟೆಯ ಮೀಟಿಂಗ್ ಬೇಸಿಗೆಯಲ್ಲಿ ನನಗೆ ಸಂಜೆ 7.30, ಚಳಿಗಾಲದಲ್ಲಿ 8.30. ಅವರು ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುತ್ತಾರೆ, ನಮ್ಮ ಮನೆಯ ಊಟದ ಹೊತ್ತು ಇಲ್ಲಿ ಬದಲಾಗುತ್ತದೆ. ಅತ್ತೆಗೆ ಇದನ್ನು ತಿಳಿಸಿ ಹೇಳುವುದೇ ಒಂದು ಪ್ರಾಜೆಕ್ಟ್!

2009ರಲ್ಲಿ ಪಾಲ್ ಗ್ರಹಾಂ ಅನ್ನುವ ಪ್ರೋಗ್ರಾಮರ್ ಒಬ್ಬರು ಕೆಲಸದ ಹೊತ್ತು ಹಂಚಿಕೊಳ್ಳುವ ಬಗ್ಗೆ ಒಂದು ಒಳ್ಳೆಯ ಲೇಖನ ಬರೆದಿದ್ದರು. ಮ್ಯಾನೇಜರ್‌ಗಳ ದಿನ ಒಂದೊಂದು ಗಂಟೆಯ ತುಂಡುಗಳಲ್ಲಿ ನಡೆಯುತ್ತದೆ. ಕೂತು ಏನನ್ನಾದರೂ ತಯಾರಿಸುವವರಿಗೆ ಅರ್ಧ ದಿನ ಒಟ್ಟಿಗೆ ಬೇಕು. ನಡುವೆ ಒಂದು ಮೀಟಿಂಗ್ ಬಿದ್ದರೆ ಆ ಅರ್ಧ ದಿನವೇ ಒಡೆದುಹೋಗುತ್ತದೆ. ನಿಮ್ಮ ಕಷ್ಟ ಇದೇ ಅಲ್ವಾ? ಹೆಸರಿಗೆ ನೀವು ಮ್ಯಾನೇಜರ್, ಮಾಡುವುದು ಮಾತ್ರ ಕೂತು ತಯಾರಿಸುವ ಕೆಲಸ. ಪ್ಲಾನ್ ಅಂದರೆ ಹತ್ತು ಕಡೆಯ ಅಂಕಿ ತಲೆಯಲ್ಲಿ ಒಟ್ಟಿಗೆ ಹಿಡಿದಿರಬೇಕು. ಒಬ್ಬರು ಬಂದು "ಮ್ಯಾಡಮ್" ಅಂದರೆ ಎಲ್ಲ ಚೆಲ್ಲಿಹೋಗುತ್ತದೆ.

ಹಾಗಾಗಿ ಮಧ್ಯಾಹ್ನ 2ರಿಂದ 4 ನಿಮ್ಮದು ಅಂತ ಮಾಡಿಕೊಳ್ಳಿ. ಟೇಬಲ್ ಬಿಟ್ಟು ಬೇರೆ ಕಡೆ ಕೂರಿ, ಲ್ಯಾಬ್ ಆದರೂ ಸರಿ. ಟೇಬಲ್‌ನಲ್ಲಿ ಕೂತರೆ ಮಂದಿ ಬಂದೇ ಬರುತ್ತಾರೆ. ಪ್ಲಾನ್ ಬದಲಿಸಬೇಕಾದರೆ 2ರೊಳಗೆ ಹೇಳಬೇಕು, ಆಮೇಲೆ ಬಂದದ್ದು ನಾಡಿದ್ದಿಗೆ. ಲಾರಿ ನಿಲ್ಲುವಂಥ ಕಾರಣ ಇದ್ದರೆ ಮಾತ್ರ ಫೋನ್. 4ಕ್ಕೆ ಪ್ಲಾನಿನ ಪ್ರಿಂಟ್ ಪ್ರತಿ ಶಾಪಿನ ಗೋಡೆಗೆ ಹಚ್ಚಿ. "ಮೊದಲು ಯಾವ ಪ್ಯಾಟರ್ನ್" ಅನ್ನುವುದಕ್ಕೆ ಉತ್ತರ ಗೋಡೆಯ ಮೇಲಿದ್ದರೆ ನಿಮ್ಮನ್ನು ಯಾರು ಹುಡುಕುತ್ತಾರೆ? ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ. 11ಕ್ಕೆ, 2ಕ್ಕೆ, 4ಕ್ಕೆ ನೋಡುತ್ತೇನೆ ಅಂತ ಗ್ರೂಪಿನಲ್ಲೇ ಬರೆದು ಹಾಕಿ.

ನಿಂತು ಮಾಡುವ ಮೀಟಿಂಗ್ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಬ್ಲೂಡಾರ್ನ್ ಮತ್ತು ಜತೆಗಾರರು 1999ರಲ್ಲಿ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಕೂತು ಮಾಡಿದ ಮೀಟಿಂಗ್ 34 ಶೇಕಡಾ ಜಾಸ್ತಿ ಹೊತ್ತು ಹಿಡಿಯಿತು. ತೀರ್ಮಾನ ಮಾತ್ರ ಹೆಚ್ಚು ಚೆನ್ನಾಗೇನೂ ಇರಲಿಲ್ಲ. ಮಾಲೀಕರಿಗೆ ಅಂಕಿ ಬೇಕಾದರೆ ಇದನ್ನು ಹೇಳಿ.

---

ಪ್ಲಾನಿಂಗ್ ಟೇಬಲ್, ಬೆಳಗಾವಿ

ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಿದೆ. ಈಗ ಶಿವರಾತ್ರಿ ಹತ್ತಿರ ಬಂತು. ಏನಾಯಿತು ಅಂತ ಬರೆಯುತ್ತೇನೆ.

ಮಾಲೀಕರಿಗೆ ಫರ್ನೇಸಿನ ಲೆಕ್ಕ ಹೇಳಿದೆ. ಕರೆಂಟ್ ಬಿಲ್ಲಿನ ಮಾತು ಬಂದ ಕೂಡಲೇ ಫೋನ್ ಕೆಳಗಿಟ್ಟು ಕೇಳಿದರು. ಬೋರ್ಡ್ ಬಂತು. ಮೊದಲು ನೈಟ್ ಶಿಫ್ಟಿನವರು ಬರೆಯದೇ ಹೋಗುತ್ತಿದ್ದರು. ಬಿಟ್ಟ ಜಾಗವನ್ನು ಹಾಗೇ ಖಾಲಿ ಇಟ್ಟು ಫೋಟೋ ಕಳಿಸಿದೆ. ಮಾಲೀಕರೇ ಫೋನ್ ಮಾಡಿ ಕೇಳಿದರು. ಈಗ ಬರೆಯುತ್ತಾರೆ.

ಮೀಟಿಂಗ್ 9.15ಕ್ಕೆ ಶುರುವಾಗಿ ಹೆಚ್ಚುಕಡಿಮೆ 9.40ಕ್ಕೆ ಮುಗಿಯುತ್ತದೆ. ಸಾಲು ತಿರುಗಿಸಿದ್ದು ಎಲ್ಲಕ್ಕಿಂತ ಕೆಲಸಕ್ಕೆ ಬಂತು. ಮೆಲ್ಟಿಂಗಿನ ಸಾಹೇಬರು ಇನ್ನೂ ಟನ್ ಹೇಳುತ್ತಾರೆ. ಹೇಳಲಿ ಬಿಡಿ, ಒಂದು ನಿಮಿಷ. ಸ್ಟೋರ್ಸಿನವರಿಗೆ ಸ್ಟೂಲ್ ಹಾಕಿದೆ. ಮರುದಿನ ಇನ್ನಿಬ್ಬರಿಗೂ ಮೊಣಕಾಲು ನೋವು ಶುರುವಾಯಿತು. ಅವರಿಗೆ ಸ್ಟೂಲ್ ಕೊಡಲಿಲ್ಲ.

"ಎಷ್ಟು ಗಂಟೆ ಅಂತ ಬರೆಯಲಿ?" ಅನ್ನುವುದು ಚೆನ್ನಾಗಿ ನಡೆಯುತ್ತಿದೆ. "ನೋಡೋಣ" ಅಂದವರನ್ನು ಕೆಮಿಸ್ಟ್ ಸರ್ ಹೇಳಿದಂತೆ ಒಬ್ಬರೇ ಸಿಕ್ಕಾಗ ಕೇಳುತ್ತೇನೆ. ಕಾಕಾ, ಕ್ಷಮಿಸಿ.

2ರಿಂದ 4 ಮಾತ್ರ ಪೂರ್ತಿ ಸಿಗುತ್ತಿಲ್ಲ. ಲ್ಯಾಬ್‌ನಲ್ಲಿ ಕೂತಿದ್ದು ಗೊತ್ತಾಗಿ ಅಲ್ಲಿಗೇ ಬರತೊಡಗಿದರು. ಈಗ 2.30ರಿಂದ 3.45 ಅಷ್ಟು ಉಳಿದಿದೆ. ಅಷ್ಟರಲ್ಲಿ ಪ್ಲಾನ್ ಆಗುತ್ತದೆ. ಗೋಡೆಗೆ ಹಚ್ಚಿದ ಮೇಲೆ ಕೇಳಿಕೊಂಡು ಬರುವವರು ಬಹಳ ಕಮ್ಮಿಯಾಗಿದ್ದಾರೆ. ಹೆಚ್ಚಿನ ದಿನ ಆರರೊಳಗೆ ಗೇಟ್ ದಾಟುತ್ತೇನೆ.

ಶನಿವಾರದ ದೊಡ್ಡ ಮೀಟಿಂಗ್ ಹಾಗೇ ಇದೆ. ಅದಕ್ಕೆ ಕೈ ಹಾಕುವ ಧೈರ್ಯ ಇನ್ನೂ ಬಂದಿಲ್ಲ. ಕೆಮಿಸ್ಟ್ ಸರ್, ಆ ನಿಂತ ತಾಸಿನ ರಿಪೋರ್ಟಿನಂಥ ಕಾಲಂ ನಮ್ಮ ಫೌಂಡ್ರಿಗೆ ಹೇಗೆ ಮಾಡಬೇಕು? ಶನಿವಾರ ಅದನ್ನೇ ಮುಂದಿಟ್ಟುಕೊಂಡು ಮಾತಾಡಿಸಬೇಕು ಅಂತಿದ್ದೇನೆ.

---

ಸಕ್ಕರೆ ಕೆಮಿಸ್ಟ್, ಮುಧೋಳ

ಮೇಡಂ, ನಿಂತ ತಾಸಿಗೆ ಆರು ಕಾಲಂ ಸಾಕು. ಕರೆಂಟ್ ಇಲ್ಲ, ಮಶೀನ್ ಕೆಟ್ಟಿತು, ಫರ್ನೇಸ್ ಲೈನಿಂಗ್ (ಒಳಪದರ) ಕೆಲಸ, ಪ್ಯಾಟರ್ನ್ ಇಲ್ಲ, ಕೋರ್ ಬರಲಿಲ್ಲ, ಮಂದಿ ಇಲ್ಲ. "ಇತರೆ" ಅಂತ ಕಾಲಂ ಇಡಬೇಡಿ, ಎಲ್ಲವೂ ಅಲ್ಲಿಗೇ ಹೋಗಿ ಬೀಳುತ್ತದೆ. ವಾರದ ಮೊತ್ತ ಹಾಕಿ. ಶನಿವಾರ ಮೇಲಿನ ಎರಡು ಕಾರಣಗಳ ಮೇಲೆ ಮಾತ್ರ ಮಾತಾಡಿಸಿ. ಉಳಿದ ನಾಲ್ಕು ಹಾಳೆಯಲ್ಲೇ ಇರಲಿ, ಮುಂದಿನ ವಾರ ಅವುಗಳಲ್ಲಿ ಯಾವುದಾದರೂ ಮೇಲೆ ಬಂದರೆ ನೋಡಿದರಾಯಿತು.

ಹಾಳೆಯನ್ನು ಶುಕ್ರವಾರ ಸಂಜೆಯೇ ಹಂಚಿ. ಶನಿವಾರ ಮುಂಜಾನೆ ಕೊಟ್ಟರೆ ಅಲ್ಲೇ ಕೂತು ಓದುತ್ತಾರೆ.